ಅಂದಪ್ಪನ ಒಂದೆಳೆ

ಇಳಕಲ್ಲಿನಲ್ಲಿ ಮಗ್ಗ ಇಟ್ಟವರ ಪೈಕಿ ದಾನೇಶ್ವರಿಯ ಫೋನ್ ನಂಬರಿಲ್ಲದವರು ಯಾರಿದ್ದರು ಹೇಳಿ! ಒಲೆಯ ಮೇಲೆ ಚಹಾ ಉಕ್ಕುತ್ತಿದ್ದರೂ ಸರಿ, ಮೈ ಕೆಂಡದಂತೆ ಸುಡುತ್ತಿದ್ದರೂ ಸರಿ, ಫೋನ್ ಎತ್ತಲೇಬೇಕು. "ಅಕ್ಕಾರ, ಗೋಮಿ ದಡಿಗೆ ಕೆಂಪು ಎಷ್ಟೆಳಿ ಅಂತ ನೋಡಾಕ ಎಲ್ಲಿ ಒತ್ತಬೇಕ್ರಿ?" ಅಂದರೆ ಸಾಕು, ಮೊದಲಿನಿಂದ ಹೇಳಿಕೊಡುತ್ತಿದ್ದಳು. ಸಿಟ್ಟು ಮೂಗಿನ ತುದಿಯಲ್ಲೇ ಇದ್ದ ಹೆಂಗಸು, ಆದರೆ ಕಲಿಸಲು ಕೂತರೆ ಎಲ್ಲಿಲ್ಲದ ತಾಳ್ಮೆ. ಮಂದಿಗೆ ತಿಳಿಯಲಿ ಅಂತ ನಲವತ್ತು ಪುಟದ ಕೈಪಿಡಿಯನ್ನೂ ತಾನೇ ಬರೆದು ಹಂಚಿದ್ದಳು. ಪೆದ್ದಿ.

ಸೀರೆಯ ಉದ್ದಕ್ಕೂ ಓಡುವ ಎಳೆಗಳಿಗೆ ಹಾಸು ಅನ್ನುತ್ತಾರೆ, ಅಂಚಿಗೆ ದಡಿ. ಯಾವ ದಡಿಗೆ ಯಾವ ಬಣ್ಣ, ಎಷ್ಟೆಳೆ, ಯಾವುದರ ಪಕ್ಕ ಯಾವುದು, ಎಲ್ಲವೂ ಆಕೆಯ ಅಪ್ಪ ಅಂದಪ್ಪನ ನಾಲಗೆಯ ಮೇಲೇ ಇತ್ತು. ಬಾಗಲಕೋಟೆಯಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ ಬಂದ ಮಗಳು ಅಪ್ಪನ ಪಕ್ಕ ಕೂತು ಕೇಳಿ ಕೇಳಿ, ಹನ್ನೊಂದು ವರ್ಷ ಒಬ್ಬಳೇ ತಿದ್ದಿ ತೀಡಿ, ಅದನ್ನೆಲ್ಲ ಒಂದು ಸಾಫ್ಟ್‌ವೇರ್ ಮಾಡಿದಳು. ಹೆಸರು ಹಾಸುಲೆಕ್ಕ. ಹೆಣ್ಣು ನೋಡಲು ಬಂದವರನ್ನು "ಇದೊಂದು ಮುಗೀಲಿ" ಅಂತ ತಿರುಗಿ ಕಳಿಸಿದಳು. ಮುಗಿಯುವಷ್ಟರಲ್ಲಿ ಬರುವವರೇ ನಿಂತಿದ್ದರು. ಪರದೆಯ ಕೆಳಗೆ ಸಣ್ಣ ಅಕ್ಷರದಲ್ಲಿ 'ದಾನೇಶ್ವರಿ ಅಂದಪ್ಪ' ಎಂದಿತ್ತು. ಆಕೆಗೆ ಇದ್ದ ಸಂಸಾರವೆಂದರೆ ಅದೇ.

ಅದರೊಳಗೊಂದು ಗುಟ್ಟಿತ್ತು. ದಾನೇಶ್ವರಿ ಮೂರು ವರ್ಷದ ಕೂಸಿದ್ದಾಗ ಜ್ವರ ನೆತ್ತಿಗೇರಿ, ದವಾಖಾನೆಯವರು ಕೈಚೆಲ್ಲಿದ್ದರು. ಅಂದಪ್ಪ ಬನಶಂಕರಿ ತಾಯಿಯ ಗುಡಿಗೆ ಓಡಿ ಹರಕೆ ಹೊತ್ತ: ಮಗಳು ಉಳಿದರೆ ತಾನು ಮಾಡುವ ಪ್ರತಿ ಹಾಸಿನಲ್ಲೂ ತಾಯಿಯ ಹೆಸರಿಗೆ ಒಂದೆಳೆ ಹೆಚ್ಚಿಗೆ. ಮಗಳು ಉಳಿದಳು. ಸಾಯುವತನಕ ಅಂದಪ್ಪ ಒಂದು ಹಾಸಿನಲ್ಲೂ ಆ ಎಳೆ ತಪ್ಪಿಸಲಿಲ್ಲ. ಓಣಿಯವರು ಅದಕ್ಕೆ ಅಂದಪ್ಪನ ಹುಚ್ಚು ಅಂದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಎಂಟು ಮಗ್ಗದ ಮಾಲೀಕ ಪಾಂಡಪ್ಪ. ಅಪ್ಪ ತೀರಿಕೊಂಡ ವಾರ ದಾನೇಶ್ವರಿ ಸಾಫ್ಟ್‌ವೇರಿನಲ್ಲಿ ಒಂದು ಸಾಲು ಸೇರಿಸಿದಳು: ಒಟ್ಟು ಎಳೆಗೆ ಒಂದು ಕೂಡಿಸು. ಕೈಪಿಡಿಯಲ್ಲಿ ಇದೊಂದನ್ನು ಮಾತ್ರ ಬರೆಯಲಿಲ್ಲ.

ಹೋದ ಶ್ರಾವಣದಲ್ಲಿ ಫೋನು ಬರುವುದೇ ನಿಂತುಹೋಯಿತು. ಏನಾಯಿತೆಂದು ಕೇಳಲು ಪಾಂಡಪ್ಪನ ಮನೆಗೇ ಹೋದಳು.

"ಸಿಟ್ಟಾಗಬ್ಯಾಡ ತಂಗಿ," ಎಂದ ಪಾಂಡಪ್ಪ. "ನೂಲಿನ ಅಂಗಡಿ ಪ್ರವೀಣಕುಮಾರ ಹೊಸಾದು ಮಾಡ್ಯಾನ. ಅವನ ಕಡಿ ನೂಲು ತೊಗೊಂಡ್ರ ಪುಕ್ಕಟ."

"ಆಂವಗ ಕಂಪ್ಯೂಟರ್ ಕೆಲಸ ಬರ್ತದೇನ್ರಿ ಕಾಕಾ?"

"ಆಂವಗ್ಯಾಕ ಬರಬೇಕು? ನಿನ್ನ ಪುಸ್ತಕ, ಪರದೀದು ಫೋಟೊ, ನಿನ್ನ ಸಾಫ್ಟ್‌ವೇರಿಂದ ತೆಗೆದ ಹಳೇ ಲೆಕ್ಕದ ಹಾಳಿ ಎಲ್ಲಾ ಎಐಗೆ ತೋರಿಸಿ, ಇಂಥಾದ್ದು ಮಾಡಿಕೊಡು ಅಂದಾನ. ನಾಕು ದಿನದಾಗ ಮಾಡಿಕೊಟ್ಟೈತಿ."

ತನ್ನ ಮಗನೇ ಮಾಡಿದನೇನೋ ಅನ್ನುವ ಜಂಬ ಮುದುಕನಿಗೆ. ಹನ್ನೊಂದು ವರ್ಷ ಎಲ್ಲಿ, ನಾಲ್ಕು ದಿನ ಎಲ್ಲಿ! ಆತ ಕೊಟ್ಟ ಹೊಸ ಲೆಕ್ಕದ ಹಾಳೆಯನ್ನು ದಾನೇಶ್ವರಿ ಕೊನೆಯ ಸಾಲಿನವರೆಗೂ ಓದಿದಳು. ಒಟ್ಟು ಎಳೆ ಮೂರು ಸಾವಿರದ ಇನ್ನೂರಾ ಒಂದು. ಆ ಒಂದು ಅಲ್ಲೇ ಇತ್ತು. ಯಾಕೆ ಏನು ಅನ್ನುವುದು ಗೊತ್ತಿಲ್ಲದೆ ಯಂತ್ರ ಅಪ್ಪನ ಹರಕೆಯನ್ನೂ ಎತ್ತಿಕೊಂಡಿತ್ತು. ಹಾಳೆಯನ್ನು ಮಡಚಿ ಚೀಲಕ್ಕಿಟ್ಟುಕೊಂಡಳು.

ಮರುದಿನವೇ ಹುನಗುಂದದ ಬಸ್ ಹತ್ತಿದಳು. ವಕೀಲೆ ಅನುರಾಧಾ ಎಲ್ಲ ಕೇಳಿ ತಲೆಯಾಡಿಸಿದರು. "ನೀವು ಬರೆದ ಸಾಲು ಕದ್ದಿದ್ರ ಹಿಡೀಬಹುದಿತ್ರಿ. ಅವನು ನಿಮ್ಮ ಸಾಲು ಕಣ್ಣಿಲೆ ನೋಡಿಲ್ಲ. ಮಷಿನು ತನ್ನ ಸಾಲು ತಾನ ಬರದೈತಿ. ಲೆಕ್ಕ ಹಾಕೋ ರೀತಿ ನನ್ನ ಒಬ್ಬಾಕೀದು ಅಂದ್ರ ಕಾಯ್ದೆ ಒಪ್ಪಂಗಿಲ್ಲ."

ದಾನೇಶ್ವರಿ ಎಳೆಯ ಗುಟ್ಟು ಹೇಳಿದಾಗ ವಕೀಲೆ ನೆಟ್ಟಗೆ ಕೂತರು. "ನಕಲು ಅಂತ ತೋರಿಸಾಕ ಇರೋದು ಇದೊಂದ ಹಿಡಿ. ಗೆಲ್ತೇವಿ ಅಂತ ಹೇಳಂಗಿಲ್ಲ, ಆದ್ರ ಕೋರ್ಟಿನಾಗ ಬಾಯಿ ತೆಗಿಬಹುದು. ಬ್ಯಾರೆ ಬ್ಯಾರೆ ಮಂದಿ ಕಡಿಂದ ಹತ್ತು ಹಾಳಿ ಕೂಡಿಸ್ರಿ. ಅಲ್ಲೀತನಕ ಯಾರ ಮುಂದೂ ಉಸಿರು ಬಿಡಬ್ಯಾಡ್ರಿ."

ಒಪ್ಪಿದಳು. ಎರಡನೆಯ ಹಾಳೆಗಾಗಿ ಪ್ರವೀಣಕುಮಾರನ ಅಂಗಡಿಗೇ ಹೋದಳು. ಅಲ್ಲಿ ಪಾಂಡಪ್ಪನೂ ಇದ್ದ, ಇನ್ನೂ ನಾಲ್ಕು ಮಂದಿ ಮಗ್ಗದವರಿದ್ದರು. ಎಲ್ಲರೂ ಆಕೆಯ ಕೈಯಲ್ಲಿ ಕಲಿತವರೇ. ಒಬ್ಬನೂ ಮುಖ ಕೊಡಲಿಲ್ಲ.

"ಬರ್ರಿ ಅಕ್ಕಾರ, ಕೂಡ್ರಿ," ಪ್ರವೀಣಕುಮಾರನಿಗೆ ಬಾಯಿ ತುಂಬ ಮರ್ಯಾದೆ. "ನಿಮ್ಮ ಪುಸ್ತಕ ಎಷ್ಟು ಚೆಂದ ಬರದೀರಿ! ಮಷಿನ್‌ಗೂ ಒಂದ ಸಲಕ್ಕ ತಿಳೀತು ನೋಡ್ರಿ."

ಎಲ್ಲರೂ ನಕ್ಕರು. ದಾನೇಶ್ವರಿ ಹಲ್ಲು ಕಚ್ಚಿಕೊಂಡು, "ನನಗೂ ಒಂದು ಹಾಳಿ ತೆಗೆದು ಕೊಡಪಾ, ನೋಡೂಣು," ಎಂದಳು.

ಹಾಳೆ ಹೊರಬರುತ್ತಿದ್ದಂತೆ ಪಾಂಡಪ್ಪ ಅದರ ಮೇಲೆ ಬೆರಳಿಟ್ಟ. "ಇಲ್ನೋಡ ತಂಗಿ, ಮ್ಯಾಲೊಂದೆಳಿ. ನಮ್ಮ ಹಿರ್ಯಾರ ಪದ್ಧತಿ. ಅದನ್ನೂ ಬಿಟ್ಟಿಲ್ಲ ಇದು."

ಅಯ್ಯೋ, ಸುಮ್ಮನಿರಬಾರದಿತ್ತೇ! ಇನ್ನು ಎಂಟೇ ಹಾಳೆ ಬೇಕಿತ್ತು.

"ಯಾವ ಹಿರ್ಯಾರ್ರಿ ಕಾಕಾ?" ದಾನೇಶ್ವರಿಯ ದನಿ ಬೀದಿಗೆ ಕೇಳಿಸಿತು. "ನಮ್ಮಪ್ಪಗ ಹುಚ್ಚಪ್ಪ ಅಂತಿದ್ರೆಲ್ಲ, ಇದ ಎಳಿಗೆ! ನನ್ನ ಜೀವಕ್ಕ ಹರಕಿ ಹೊತ್ತ ಎಳಿ ಇದು. ನಾನ ಒಳಗ ಹಾಕಿದ್ದು. ಕದ್ದದ್ದಕ್ಕ ಸಾಕ್ಷಿ ಇದ ಐತಿ, ಕೋರ್ಟಿಗೆ ಎಳೀತೇನಿ ನೋಡ್ರಿ!"

ತಾನು ಏನು ಮಾಡಿದೆನೆಂದು ಆಕೆಗೆ ಆಗಲೇ ಹೊಳೆಯಿತು. ಪ್ರವೀಣಕುಮಾರ ಸಿಟ್ಟಾಗಲಿಲ್ಲ. ಕಂಪ್ಯೂಟರಿನ ಕಡೆ ತಿರುಗಿ ಒಂದು ವಾಕ್ಯ ಟೈಪ್ ಮಾಡಿದ: ಒಟ್ಟು ಎಣಿಕೆಗೆ ಸೇರುವ ಹೆಚ್ಚಿನ ಒಂದೆಳೆ ತೆಗೆದುಹಾಕು. ಆಕೆ ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಯಂತ್ರ ಉತ್ತರ ಕೊಟ್ಟಿತು: ದೋಷ ಸರಿಪಡಿಸಲಾಗಿದೆ.

"ಹಳೇ ಹಾಳಿ ಎಲ್ಲಾರೂ ಹರದು ಒಗೀರಿ," ಎಂದು ಮಂದಿಗೆ ಹೇಳಿದ. "ತಪ್ಪು ಎಣಿಕಿ ಐತಿ."

ಪಾಂಡಪ್ಪ ಆಕೆಯ ಕೈಯಲ್ಲಿದ್ದ ಹಾಳೆ ಕಸಿದು ನಾಲ್ಕು ಚೂರು ಮಾಡಿದ. ಆಮೇಲೆ ಚೀಲಕ್ಕೆ ಕೈಚಾಚಿ, "ನನ್ನ ಮನಿಂದ ಒಯ್ದಿದ್ದಿಯಲ್ಲ, ಅದನ್ನೂ ಕೊಡು," ಎಂದ. ದಾನೇಶ್ವರಿಯೇ ತೆಗೆದು ಕೊಟ್ಟಳು. ಬಾಗಿಲಿಗೆ ಅಡ್ಡ ಐದು ಮಂದಿ ಗಂಡಸರು ನಿಂತಿದ್ದರು, ಇನ್ನೇನು ಮಾಡುತ್ತಾಳೆ?

ಹೊಸ ಹಾಳೆ ಬಂತು. ಮೂರು ಸಾವಿರದ ಇನ್ನೂರು. ಎಣಿಕೆ ಸರಿಯಾಗಿಯೇ ಇತ್ತು.

"ಅಕ್ಕಾರ," ಪ್ರವೀಣಕುಮಾರ ಖರೆ ಖರೆ ಕಾಳಜಿಯಿಂದಲೇ ಕೇಳಿದ, "ನಿಮಗ ತಿಳಿದಷ್ಟು ಇವ್ರಿಗೆ ಯಾರಿಗೂ ತಿಳಿಯಂಗಿಲ್ಲ. ಆ ಎಳಿ ತೆಗೆದ್ರ ಏನೂ ಆಗಂಗಿಲ್ಲಲ್ರಿ?"

ಐದೂ ಮಂದಿ ಆಕೆಯ ಬಾಯನ್ನೇ ನೋಡಿದರು. ಇಷ್ಟು ವರ್ಷ ಅವರು ಏನು ಕೇಳಿದರೂ ಆಕೆ ಸುಳ್ಳು ಹೇಳಿದವಳಲ್ಲ.

"ಸೀರಿಗೆ ಏನೂ ಆಗಂಗಿಲ್ಲ," ಎಂದಳು ದಾನೇಶ್ವರಿ.