ಬೆಳಕಿಂಡಿಯಲ್ಲಿ ಅವ್ವನ ಸೀರೆ

ಹೋದ ವಾರ ಈ ಜಾಗ ಖಾಲಿ ಇತ್ತು. ಯಾಕೆ ಬರೆದಿಲ್ಲ ಎಂದು ಇಬ್ಬರು ಓದುಗರು ಫೋನ್ ಮಾಡಿ ಕೇಳಿದರು. (ಅವರಲ್ಲಿ ಒಬ್ಬಳು ತಾಂಡೂರಿನ ನನ್ನ ತಂಗಿ. ಆದರೂ ಲೆಕ್ಕಕ್ಕೆ ಇಬ್ಬರೇ.) ಕಾರಣ ಹೇಳುತ್ತೇನೆ. 

ಬಚ್ಚಲಲ್ಲಿ ನೀರು ಎರೆಯುವ ಸದ್ದು ನಿಂತಿತು. ಶುರುವಾದದ್ದು ಅಲ್ಲಿಂದ.

ಒಳಗಿದ್ದವರು ಇಬ್ಬರು. ಹೆರಿಗೆಗೆಂದು ತವರಿಗೆ ಬಂದ ನನ್ನ ಮಗಳು ಸುಮಾ, ಮತ್ತು ಅವಳಿಗೆ ಎರೆಯುತ್ತಿದ್ದ ನನ್ನ ಅವ್ವ. ಹೊರಗೆ ನಾನು. ನನ್ನ ಮಡಿಲಲ್ಲಿ, ಆಗತಾನೆ ಎರೆಸಿಕೊಂಡು ಬಂದ ಕೂಸು. ತಂಬಿಗೆ ಬಕೆಟ್ಟಿಗೆ ಬಡಿಯುವ ಸದ್ದು, ಬೆನ್ನ ಮೇಲೆ ನೀರು ಬೀಳುವ ಸದ್ದು, ಅವ್ವನ ಗೊಣಗಾಟ, ಎಲ್ಲ ಒಟ್ಟಿಗೆ ಬಂದ್ ಆದವು. ಬಕೆಟ್ಟಿಗೆ ಬಿಟ್ಟ ನಲ್ಲಿ ಸುರಿಯುತ್ತಲೇ ಇತ್ತು, ಗೀಜರ್ ಬುಸ್ ಎನ್ನುತ್ತಲೇ ಇತ್ತು.

ಬಾಗಿಲು ತೆಗೆಯುವ ಮುಂಚೆ ಸ್ವಲ್ಪ ಹಿಂದಿನದು ಹೇಳಬೇಕು.

ನಮ್ಮ ಜಹೀರಾಬಾದಿನ ಚಳಿ ನಿಮಗೆ ಗೊತ್ತಿದ್ದದ್ದೇ. ವರ್ಷವಿಡೀ ನಮ್ಮ ಕಡೆ ತಿರುಗಿ ನೋಡದ ಟಿವಿಯವರು ಚಳಿಗಾಲ ಬಂದ ಕೂಡಲೇ, ಎಲ್ಲಕ್ಕಿಂತ ಹೆಚ್ಚು ಚಳಿ ನಮ್ಮ ಪಕ್ಕದೂರಿನಲ್ಲೇ ಎಂದು ಕೋಹಿರ್, ಕೋಹಿರ್ ಜಪ ಮಾಡುತ್ತಾರೆ. ಇಂಥ ಚಳಿಯಲ್ಲಿ ಮನೆಯಲ್ಲಿ ಬಾಣಂತಿ ಇದ್ದರೆ? ಸುದ್ದಿ ಮುಟ್ಟಿದ್ದೇ ತಡ, ಅವ್ವ ಝರಾಸಂಗಮದಿಂದ ಬಂದು ಬಸ್ಸಿಳಿದಳು. ಒಂದು ಕೈಯಲ್ಲಿ ಬಾಣಂತಿಯ ಮದ್ದು, ಉಂಡೆಗೆಂದು ಬಜೆ, ಅಂಟು, ಅಳವಿ ಕಟ್ಟಿದ ಗಂಟು. ಇನ್ನೊಂದು ಕೈಯಲ್ಲಿ ಕಬ್ಬಿಣದ ಶೆಗಡಿ, ಅಂದರೆ ಬಾಣಂತಿಯ ಹೊರಸಿನ ಕೆಳಗೆ ಕೆಂಡ ತುಂಬಿ ಇಡುವ ಪುಟ್ಟ ಒಲೆ. ಸುಮಾ ಹುಟ್ಟಿದಾಗ ನನ್ನನ್ನೂ ಅದರಲ್ಲೇ ಕಾಸಿದ್ದಳು.

"ಅವ್ವಾ, ಇದು ಬ್ಯಾಡ" ಅಂದೆ.

"ಯಾಕ? ಕಾಸಿದಾಗ ನೀ ಸತ್ತೇನು?"

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಬಿಡುತ್ತೇನಾ? ಮುಚ್ಚಿದ ಕೋಣೆಯಲ್ಲಿ ಕೆಂಡ ಉರಿದರೆ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ, ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ರಕ್ತದಲ್ಲಿ ಆಮ್ಲಜನಕ ಕೂರುವ ಜಾಗದಲ್ಲಿ ತಾನು ಕೂತುಬಿಡುತ್ತದೆ ಎಂದು ಕ್ಲಾಸಿನಲ್ಲಿ ಹೇಳುವ ಧಾಟಿಯಲ್ಲೇ ಹೇಳಿದೆ. ಅವ್ವ ಪೂರ್ತಿ ಕೇಳಿದಳು. (ನನ್ನ ವಿದ್ಯಾರ್ಥಿಗಳು ಕೇಳುವುದಿಲ್ಲ.) ಶೆಗಡಿ ಅಟ್ಟ ಸೇರಿತು. ಆದರೆ ಷರತ್ತು ಹಾಕಿದಳು.

"ಆತು ಬಿಡವಾ. ಶೆಗಡಿ ಇಲ್ಲಂದ್ರ ನೀರರೆ ಸುಡುಸುಡು ಇರಬೇಕು. ಮತ್ತ ಹುಡುಗಿಗಿ ಗಾಳಿ ಬಡೀಬಾರದು."

ಇಷ್ಟೇ ತಾನೇ, ಎಂದು ಒಪ್ಪಿಕೊಂಡೆ.

ಬಿಸಿನೀರಿಗೆ ನಮ್ಮಲ್ಲಿ ಮೊದಲಿದ್ದದ್ದು ಬಕೆಟ್ಟಿನಲ್ಲಿ ಇಳಿಬಿಡುವ ರಾಡ್. ಅದರ ಬಗ್ಗೆ ನನಗಿರುವ ಭಯ ಈ ಅಂಕಣದ ಓದುಗರಿಗೆ ಹೊಸದಲ್ಲ. ರಾಡ್ ಇರುವ ಬಕೆಟ್ಟನ್ನು ಕಂಡರೆ ನಾಗರಹಾವು ಕಂಡವಳ ಹಾಗೆ ದೂರ ಸುತ್ತಿ ನಡೆಯುತ್ತೇನೆ. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಕಿತ್ತ ಪ್ಲಗ್ಗನ್ನು ಇನ್ನೊಮ್ಮೆ ನೋಡಿ ಬರುವವಳು ನಾನು. ಮನೆಯಲ್ಲಿ ಕೂಸು, ಬಚ್ಚಲಲ್ಲಿ ಒದ್ದೆ ನೆಲ, ಅದರ ಜೊತೆ ರಾಡ್ ಬೇಡವೇ ಬೇಡ ಎಂದು ಹಠ ಹಿಡಿದು ಗ್ಯಾಸ್ ಗೀಜರ್ ಹಾಕಿಸಿದೆ. ಬಚ್ಚಲ ಒಳಗಿನ ಗೋಡೆಗೆ. ನಲ್ಲಿ ತಿರುಗಿಸಿದರೆ ನೀಲಿ ಉರಿ, ಕ್ಷಣದಲ್ಲಿ ಸುಡುನೀರು. ಶಾಕ್ ಇಲ್ಲ, ಮಸಿ ಇಲ್ಲ, ಹೊಗೆ ಇಲ್ಲ. ಜೀವನದಲ್ಲಿ ಮೊದಲ ಸಲ ಒಂದು ವಸ್ತುವಿನ ಬಗ್ಗೆ ನಿಶ್ಚಿಂತೆಯಾಗಿದ್ದೆ.

ಕೆಲವು ದಿನ ಕಳೆದವು. ಎರೆಸಿಕೊಂಡು ಬಂದರೆ ಸಾಕು, ಸುಮಾಗೆ ತಲೆನೋವು, ವಾಕರಿಕೆ. "ಮಮ್ಮಿ, ತಲಿ ಸಿಡದಂಗ ಆಗಾಕತ್ತದ" ಎಂದು ಹಣೆ ಹಿಡಿದುಕೊಂಡು ಮಲಗುತ್ತಿದ್ದಳು.

ಅವ್ವ ದೃಷ್ಟಿ ತೆಗೆದಳು. ಇಳಿಸಿದ ಮೆಣಸಿನಕಾಯಿ ಒಲೆಗೆ ಹಾಕಿದರೆ ಘಾಟೇ ಬರಲಿಲ್ಲವಂತೆ, ಅಂದರೆ ಜೋರು ದೃಷ್ಟಿಯೇ ಬಿದ್ದಿದೆ. ನಮ್ಮವರು, "ನಿದ್ದಿ ಇಲ್ಲಲ್ಲ, ಅದಕ್ಕ ಅಷ್ಟ. ನೀ ಸುಮ್ನ ಫಿಕರ್ ಮಾಡ್ತಿ" ಅಂದರು. ನಾನು ಮೊಬೈಲಿನಲ್ಲಿ ಹುಡುಕಿ ಬಿಪಿಗೆ ಹೆದರಿದೆ, ರಕ್ತ ಕಡಿಮೆ ಆಗಿರಬಹುದೆಂದು ಹೆದರಿದೆ, ಥೈರಾಯ್ಡಿಗೆ ಹೆದರಿದೆ, ಹೆಸರು ಹೇಳಲೂ ಬಾರದ ಎರಡು ಮೂರು ರೋಗಕ್ಕೆ ಹೆದರಿದೆ. ಗೀಜರ್ ಮಾತ್ರ ನೆನಪಿಗೇ ಬರಲಿಲ್ಲ.

ಕೂಸಿನದು ಏನೂ ತಕರಾರಿಲ್ಲ. ಎರೆದು ಹೊರಗೆ ತಂದರೆ ಗಡದ್ದಾಗಿ ನಿದ್ದೆ. "ನನ್ನ ಕೈಗುಣ ನೋಡು" ಎಂದು ಅವ್ವ ಬೀಗುತ್ತಿದ್ದಳು. ನಾವೂ ಬೀಗಿದೆವು. ಈ ನಿದ್ದೆಯ ಮಾತು ನೆನಪಿಟ್ಟುಕೊಳ್ಳಿ.

ಈಗ ಬಾಗಿಲಿಗೆ ಬರೋಣ.

"ಅವ್ವಾ?" ಅಂದೆ. ಉತ್ತರ ಇಲ್ಲ. "ಸುಮಾ?" ಇಲ್ಲ. ಬಾಗಿಲು ಬಡಿದೆ. ಒಳಗಿನಿಂದ ಚಿಲಕ. (ಗಾಳಿಗೆ ಬಾಗಿಲು ತೆರೆದುಕೊಂಡರೆ ಎಂದು ಅವ್ವ ಹಾಕುತ್ತಿದ್ದದ್ದು.) ಇನ್ನೊಮ್ಮೆ ಬಡಿದಾಗ, ಬಾವಿಯೊಳಗಿನಿಂದ ಬಂದ ಹಾಗೆ ಅವ್ವನ ದನಿ ಬಂತು.

"ಕಣ್ಣಿಗಿ ಕತ್ತಲಿ ಬರಾಕತ್ತದ... ಹುಡುಗಿ ಮಾತಾಡವಲ್ಲಳು."

ನಾನು ಹೇಗೆ ಕೂಗಿದೆನೋ ನನಗೆ ನೆನಪಿಲ್ಲ. ನಮ್ಮವರು ಓಡಿ ಬಂದರು. ಉಪ್ಪಿನಕಾಯಿ ಭರಣಿಯ ಮುಚ್ಚಳ ತೆಗೆಯಲೂ ನನ್ನನ್ನು ಕರೆಯುವ ಮನುಷ್ಯ. ಅವತ್ತು ಭುಜ ಕೊಟ್ಟು ನೂಕಿದ ರಭಸಕ್ಕೆ ಚಿಲಕ ಕಿತ್ತು ಬಂತು. ಒಳಗೆ ನುಗ್ಗಿ ಗೀಜರ್ ಆರಿಸಿದರು. ಸುಮಾ ಮಣೆಯ ಮೇಲೆ ಗೋಡೆಗೆ ಒರಗಿದ್ದಳು, ಕಣ್ಣು ಅರ್ಧ ಮುಚ್ಚಿತ್ತು, ತಲೆ ವಾಲಿತ್ತು. ಅವ್ವ ನೆಲದ ಮೇಲೆ ಕೂತು, ಅವಳು ಬೀಳದ ಹಾಗೆ ಎರಡೂ ಕೈಯಿಂದ ತೋಳು ಹಿಡಿದುಕೊಂಡಿದ್ದಳು.

ಇಬ್ಬರನ್ನೂ ಎಳೆದು ಅಂಗಳಕ್ಕೆ ತಂದೆವು. ಎರೆದ ಮೈಯ ಬಾಣಂತಿಗೆ ಒಂದು ಚಾದರ ಸುತ್ತಿ, ಬಯಲಲ್ಲಿ, ಥಂಡಿ ಗಾಳಿಯಲ್ಲಿ ಮಲಗಿಸಿದೆವು. ಯಾವ ಗಾಳಿ ಬಡಿಯಬಾರದೆಂದು ಅಷ್ಟು ದಿನ ಕಾವಲು ಕೂತಿದ್ದೆನೋ, ಆ ಗಾಳಿಯನ್ನು ಆಗ ಬಾ, ಬಾ ಎಂದು ಬೇಡುತ್ತಿದ್ದೆ. ಸುಮಾ ಒಮ್ಮೆ ಉಸಿರೆಳೆದಳು. ಮತ್ತೊಮ್ಮೆ ಎಳೆದಳು. ಕಣ್ಣು ಬಿಟ್ಟು ಮೊದಲು ಕೇಳಿದ್ದು, "ಕೂಸೆಲ್ಲದ?"

ಕೂಸು ನನ್ನ ಹೆಗಲ ಮೇಲಿತ್ತು. ನಿದ್ದೆಯಲ್ಲಿ. ಬಾಗಿಲು ಮುರಿದರೂ, ನಾನು ಅಷ್ಟು ಕೂಗಿದರೂ ಎದ್ದಿರಲಿಲ್ಲ.

 ಇಷ್ಟು ದಿನ ನಾವು ಬೀಗಿದ್ದು ನಿದ್ದೆಗಾ, ಇನ್ನೇನಕ್ಕಾ? ಅಂಗಾಲು ಚಿವುಟಿದೆ. ಇನ್ನೂ ಜೋರಾಗಿ ಚಿವುಟಿದೆ. ಅತ್ತಿತು. ಹುಟ್ಟಿದ ದಿನವೂ ಅದರ ಅಳು ನನಗೆ ಅಷ್ಟು ಹಿತವಾಗಿ ಕೇಳಿರಲಿಲ್ಲ.

ಆಸ್ಪತ್ರೆಯಲ್ಲಿ ಮೂವರಿಗೂ ಆಕ್ಸಿಜನ್ ಹಚ್ಚಿದರು. ಕೂಸಿನ ಮುಖಕ್ಕೆ ಆ ಮಾಸ್ಕ್ ದೊಡ್ಡದಾಗಿತ್ತು. ಬಚ್ಚಲಲ್ಲಿ ನಡೆದದ್ದು ಹೇಳಿದ್ದೇ, ಡಾಕ್ಟರಮ್ಮ ನಾಡಿ ಹಿಡಿಯುತ್ತಲೇ ಕೇಳಿದರು:

"ಗೀಜರ್ ಗ್ಯಾಸಿಂದೇನ್ರಿ? ಬಚ್ಚಲದಾಗ ಹಾಕೀರೇನು?"

ಹೌದು ಅಂದೆ.

"ಅದು ಉರಿಯಾಕ ಗಾಳಿ ಎಲ್ಲಿಂದ ಬರ್ತದರಿ?"

 ಗಾಳಿ ಸಾಲದ ಕಡೆ ಕೆಂಡ ಉರಿದರೂ ಅಷ್ಟೇ, ಗ್ಯಾಸ್ ಉರಿದರೂ ಅಷ್ಟೇ, ಹೊರಗೆ ಬೀಳುವ ವಿಷ ಒಂದೇ ಎಂದು ಅವರು ಬಿಡಿಸಿ ಹೇಳಿದರು. ನನಗೆ! ಎಷ್ಟೋ ವರ್ಷದಿಂದ ಬೋರ್ಡಿನ ಮೇಲೆ ಅದನ್ನೇ ಬರೆಯುತ್ತಿರುವವಳಿಗೆ. ಶೆಗಡಿಯನ್ನು ಅಟ್ಟಕ್ಕೆ ಹಾಕಿ, ಅದರ ತಮ್ಮನನ್ನು ಕರೆದು ತಂದು ಬಚ್ಚಲಲ್ಲಿ ಕೂರಿಸಿದ್ದೆ. ಶಿವ ದೊಡ್ಡವನು, ಮೂವರಿಗೂ ಏನೂ ಆಗಿಲ್ಲ ಎಂದು ಪರೀಕ್ಷೆ ಮಾಡಿ ಹೇಳಿ ಕಳಿಸಿದರು.

ಮನೆಗೆ ಬಂದು, ಗಾಳಿ ಎಲ್ಲಿಂದ ಬರುತ್ತದೆ ಎಂದು ನೋಡಲು ಬಚ್ಚಲಿಗೆ ಹೋದೆವು. ಎಲ್ಲಿಂದಲೂ ಇಲ್ಲ.

ಮೇಲೆ ವೆಂಟಿಲೇಟರ್ ಇದೆ, ಅವ್ವ ಬೆಳಕಿಂಡಿ ಅನ್ನುತ್ತಾಳೆ. ಅದರಲ್ಲಿ ಅವಳದೇ ಹಳೆಯ ಹಸಿರು ಸೀರೆ, ಮಡಿಸಿ ಮಡಿಸಿ ತುರುಕಿದ್ದು. "ನಾನೇ ಇಟ್ಟೀನಿ" ಅಂದಳು ಅವ್ವ. ಪಕ್ಕದಲ್ಲಿ ಎಕ್ಸಾಸ್ಟ್ ಫ್ಯಾನಿನ ತೂತು. ಫ್ಯಾನ್ ಕೆಟ್ಟು ರಿಪೇರಿಗೆ ಹೋಗಿದೆ. ಅಲ್ಲಿ ಪೇಪರ್ ಉಂಡೆಗಳು. "ಥಂಡಿ ಬರ್ತದಂತ ನಾ ತುಂಬಿದ್ದೆ" ಎಂದು ನಮ್ಮವರು ತಲೆ ತಗ್ಗಿಸಿದರು. ಬಿಚ್ಚಿದರೆ ಇದೇ ಪತ್ರಿಕೆ, ನನ್ನದೇ ಅಂಕಣ. (ಯಾವ ವಾರದ್ದು ಎಂದು ಓದುವ ಧೈರ್ಯ ಬರಲಿಲ್ಲ.) ಇನ್ನು ಬಾಗಿಲ ಕೆಳಗಿನ ಸಂದಿ. ಅಲ್ಲಿ ದಿನಾಲೂ ಟವೆಲ್ ಸುತ್ತಿಟ್ಟು, ಕಾಲಿನಿಂದ ಒತ್ತಿ, ಕಾವಲು ಕೂರುತ್ತಿದ್ದವಳು ನಾನು.

ಯಾರೂ ಯಾರಿಗೂ ಹೇಳಿರಲಿಲ್ಲ. ಅದೇನು ಹೇಳುವಂಥ ವಿಷಯವಾ? ಒಬ್ಬೊಬ್ಬರು ಒಂದೊಂದೇ ಸಂದಿ ಮುಚ್ಚಿದ್ದು, ಅದೂ ಹುಡುಗಿಯ ಮೇಲಿನ ಮಮತೆಗೆ.

ಹಾಗಾದರೆ ಶೆಗಡಿಯಲ್ಲಿ ಕಾಸಿದಾಗ ನಾನೇಕೆ ಸಾಯಲಿಲ್ಲ? ಅವ್ವನ ಪ್ರಶ್ನೆ ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ಝರಾಸಂಗಮದ ನಮ್ಮ ಹಳೇ ಮನೆಯ ಬಚ್ಚಲು ಹಿತ್ತಲಲ್ಲಿತ್ತು. ಹಂಡೆಯ ಕೆಳಗೆ ಕಟ್ಟಿಗೆ, ತಲೆಯ ಮೇಲೆ ತಗಡು, ತಗಡಿಗೂ ಗೋಡೆಗೂ ನಡುವೆ ಬೆಕ್ಕು ತೂರುವಷ್ಟು ಸಂದಿ. ಶೆಗಡಿ ಇಟ್ಟ ಕೋಣೆಗೂ ತಗಡೇ, ಅದರ ಬಾಗಿಲ ಹಲಗೆಗಳ ನಡುವೆ ಬೆರಳು ಹೋಗುತ್ತಿತ್ತು. ಆ ಮನೆಯಲ್ಲಿ ಒಂದು ಕಿಂಡಿಗೆ ಸೀರೆ ತುರುಕಿದರೂ ಗಾಳಿ ಬೇರೆ ದಾರಿ ಹುಡುಕಿಕೊಂಡು ಬರುತ್ತಿತ್ತು. ಈಗಿನದು ಸ್ಲ್ಯಾಬಿನ ಮನೆ, ಟೈಲ್ಸಿನ ಗೋಡೆ, ರಬ್ಬರ್ ಪಟ್ಟಿಯ ಕಿಟಕಿ. ಮನೆ ಬದಲಾಯಿತು, ಸೀರೆ ತುರುಕುವ ಕೈ ಬದಲಾಗಲಿಲ್ಲ. ಇನ್ನೊಂದು ಮಾತೂ ಇದೆ. ಆಗ ಎಲ್ಲರೂ ಉಳಿದಿದ್ದರಾ? "ಗಾಳಿ ಬಡಿದು" ಹೋದರು ಎಂದು ನಾವು ಕೇಳುತ್ತಿದ್ದ ಬಾಣಂತಿಯರಲ್ಲಿ ಎಷ್ಟು ಜನ ಗಾಳಿ ಸಿಗದೆ ಹೋದರೋ, ಈಗ ಯಾರನ್ನು ಕೇಳುವುದು?

ಗೀಜರ್ ಈಗ ಹೊರಗೋಡೆಗೆ ಹೋಗಿದೆ, ಹಿತ್ತಲ ಬಯಲಿಗೆ. ಬಿಸಿನೀರು ಮಾತ್ರ ಪೈಪಿನಲ್ಲಿ ಒಳಗೆ ಬರುತ್ತದೆ, ದಾರಿಯಲ್ಲಿ ಆರದಂತೆ ಪೈಪಿಗೆ ಫೋಮ್ ಸುತ್ತಿಸಿದ್ದೇವೆ. ಉರಿಯನ್ನೂ ತಗ್ಗಿಸಿದೆ. ಗ್ಯಾಸ್ ಸುಟ್ಟು ನೀರನ್ನು ಕುದಿಸಿ, ಆಮೇಲೆ ತಣ್ಣೀರು ಬೆರೆಸಿ ಆರಿಸುವುದು ಯಾವ ಜಾಣತನ? ಎರೆಯುವುದು ಬೆಳಿಗ್ಗೆಯಿಂದ ಮಧ್ಯಾಹ್ನಕ್ಕೆ ಬಂದಿದೆ. ಅಷ್ಟೊತ್ತಿಗೆ ಮಾಳಿಗೆಯ ಕರಿ ಟ್ಯಾಂಕಿನ ನೀರು ಬಿಸಿಲಿಗೆ ಅರ್ಧ ಕಾದೇ ಇರುತ್ತದೆ. ಬಾಣಂತಿಯ ಕೋಣೆಗೂ ಅಷ್ಟೇ. ಹೊತ್ತೇರಿದ ಮೇಲೆ ಕಿಟಕಿ ತೆರೆದು ಬಿಸಿಲು ಬಿಡುತ್ತೇವೆ, ಸಂಜೆಗೆ ದಪ್ಪ ಚಾದರ, ರಬ್ಬರಿನ ಬಿಸಿನೀರ ಚೀಲ.

ಅವ್ವನ ವಿಷಯ ಮಾತ್ರ ಸುಲಭವಾಗಲಿಲ್ಲ. ಆಸ್ಪತ್ರೆಯಿಂದ ಬಂದವಳು ಕೂಸನ್ನು ಮುಟ್ಟಲು ಒಲ್ಲೆ ಎಂದಳು. ಊಟದ ತಟ್ಟೆ ಮುಂದಿಟ್ಟರೆ ಹಾಗೇ ಕೂರುತ್ತಿದ್ದಳು.

"ನನ್ನ ಕೈಲೇ ಹೋಗ್ತಿತ್ತಲ್ಲವಾ ಹುಡುಗಿ."

"ನಿನ್ನ ಕೈಲೇ ಉಳದಾಳ. ಬೀಳದಂಗ ಹಿಡಕೊಂಡಿದ್ದಿ."

"ಹಿಡಕೊಂಡಿದ್ದೆ ಖರೆ. ಕಿಂಡಿ ಮುಚ್ಚಿದಾಕಿನೂ ನಾನೇ."

"ಟವೆಲ್ ಇಟ್ಟಾಕಿ ನಾನು. ಪೇಪರ್ ತುಂಬಿದವರು ಅವರು. ನೀ ಒಬ್ಬಾಕಿನೇ ಎಲ್ಲಾ ಹೊತಗೋಬ್ಯಾಡ" ಎಂದೆ. ಇಬ್ಬರೂ ಅತ್ತೆವು.

ಕೊನೆಗೆ ಸುಮಾನೇ ಹೋಗಿ, "ಆಯಿ, ನೀ ಎರದ್ರನ ಎರಸ್ಕೋತೀನಿ" ಎಂದು ಎಣ್ಣೆ ಬಟ್ಟಲು ಅವಳ ಮುಂದಿಟ್ಟಳು. ಅವ್ವ ಬಟ್ಟಲು ಎತ್ತಿಕೊಂಡು ಎದ್ದಳು. ಈ ಸಲ ಷರತ್ತು ಬೇರೆ ಇತ್ತು.

"ಬಾಗಿಲು ಹಾಕಂಗಿಲ್ಲ, ಪರದಾ ಸಾಕು. ಒಳಗ ನಾ ಮಾತಾಡ್ತಿರ್ತೀನಿ. ಮಾತು ನಿಂತ್ರ ಬಾ."

ಈಗ ದಿನಾ ಮಧ್ಯಾಹ್ನ ಪರದೆಯ ಆಚೆಯಿಂದ ಝರಾಸಂಗಮದ ಅರ್ಧ ಊರಿನ ಚಾಡಿ ಕೇಳುತ್ತೇನೆ. ಕೆಮ್ಮಲೆಂದು ಅವ್ವ ಒಂದು ಕ್ಷಣ ಮಾತು ನಿಲ್ಲಿಸಿದರೂ ಎದ್ದು ನಿಲ್ಲುತ್ತೇನೆ. ಕೂಸು ಮಲಗಿದರೆ ಮೂಗಿನ ಹತ್ತಿರ ಕೈ ಹಿಡಿದು ನೋಡುತ್ತೇನೆ. ಅದು ಬರೀ ನಿದ್ದೆ ಎಂದು ಡಾಕ್ಟರಮ್ಮ ಹೇಳಿದ್ದಾರೆ, ನಂಬಿದ್ದೇನೆ, ಆದರೂ ಚಿವುಟುತ್ತೇನೆ.

ನಾರಾಯಣಖೇಡದ ಅಣ್ಣನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರ ಮನೆಯಲ್ಲಿ ರಾಡೇ ಗತಿಯಂತೆ, ಅದಕ್ಕೊಂದು ಬೇರೆ ಭಾಷಣ ಮಾಡಿದೆ. ಆಮೇಲೆ ತಾಂಡೂರಿನ ತಂಗಿಗೆ ಮಾಡಿದೆ. ಅವಳ ಬಚ್ಚಲಲ್ಲಿ ನಮ್ಮಂಥದ್ದೇ ಗೀಜರ್. "ಅಯ್ಯ, ನಮ್ಮ ಮನ್ಯಾಗ ಹಂಗೇನಿಲ್ಲ ಬಿಡಕ್ಕ, ಎಲ್ಲಾ ಖುಲ್ಲಾ ಅದ" ಎಂದು ನಕ್ಕು ಫೋನ್ ಇಟ್ಟಳು. ನಾನು ಚಹಾಕ್ಕೆ ನೀರಿಡುವಷ್ಟರಲ್ಲಿ ಅವಳದೇ ಫೋನ್. ದನಿಯಲ್ಲಿ ನಗು ಇರಲಿಲ್ಲ.

"ಅಕ್ಕಾ, ಮ್ಯಾಲ ಹತ್ತಿ ನೋಡಿದೆ. ಅತ್ತಿಯವರ ಸೀರಿ ಅದ."

ನಿಮ್ಮ ಬಚ್ಚಲ ಬೆಳಕಿಂಡಿಯಲ್ಲಿ ಯಾರದಿದೆ?