ಪಿಸ್ತಾ ಸತ್ತಿಲ್ಲ

ನಸೀಮಾ, ನಿನ್ನ ಪಿಸ್ತಾ ಸತ್ತಿಲ್ಲ. ಸತ್ತಿತೆಂದು ನಾನು ಹೇಳಿದೆ, ನೀನು ನಂಬಿದೆ. ಬೇಗೂರಿನ ನಮ್ಮ ರೇಷ್ಮೆ ಹುಳುಮನೆಯ ಜಗುಲಿಯಲ್ಲಿ, ನೀನು ಬೇರೆಯದೆಂದುಕೊಂಡು ಇಷ್ಟು ವರ್ಷ ನೋಡುತ್ತಿರುವ ಆ ದಪ್ಪ ಕೆನ್ನೆಯ ಇಗುವಾನಾ ಹಲ್ಲಿ ಇದೆಯಲ್ಲ — ಅದೇ ಪಿಸ್ತಾ. ಅಂಗೈಯಗಲದ ಮರಿಯಾಗಿದ್ದಾಗ ನಿನ್ನ ತಮ್ಮ ಇಮ್ರಾನ್ ತಂದದ್ದು. ಅವನು ಬೈಕಿನಿಂದ ಬಿದ್ದು ತೀರಿಕೊಂಡ ಮೇಲೆ ಅವನದೆಂದು ನಿನಗೆ ಉಳಿದಿದ್ದ ಒಂದೇ ಜೀವ.

ಬರೆದುಬಿಟ್ಟರೆ ಎದೆ ಹಗುರಾದೀತು ಎಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ಕೈ ಬರೆಯುತ್ತಿದೆ, ಒಲೆಯ ಮೇಲೆ ಸಾರು ಕುದಿಯುತ್ತಿದೆ.

ನಮ್ಮ ರೇಷ್ಮೆ ಗೂಡು ಕೊಳ್ಳುತ್ತಿದ್ದ ಮನೆಯ ಮಗಳು ನೀನು. ಚಾಮರಾಜನಗರದಿಂದ ಚೀಲ ಹಿಡಿದು ಹಿಪ್ಪುನೇರಳೆ ಸೊಪ್ಪಿಗೆ ಬಂದಾಗ, ಹುಳುವಿನ ಮೇವನ್ನು ಹಲ್ಲಿಗೆ ಹಾಕುತ್ತಾರೆಯೇ ಎಂದು ನಾನು ರೇಗಿಸಿದ್ದೆ. ಆಮೇಲೆ ನೀನೇ ನನಗೆ ತಂಗಿಯಾದೆ. ನಿನ್ನ ಅತ್ತೆ ಜಾರಿ ಬಿದ್ದು ಸೊಂಟ ಮುರಿದುಕೊಂಡರೆಂದು ನೀನು ಸತ್ಯಮಂಗಲಕ್ಕೆ ಹೊರಟಾಗ, ಆ ಮನೆಯವರು ಪಿಸ್ತಾವನ್ನು ಹೊಸಿಲು ದಾಟಿಸುವುದಿಲ್ಲವೆಂದಾಗ, ನನ್ನ ಬಳಿ ಬಿಟ್ಟೆ. ಬಿಡುವಾಗ ನೀನು ಹೇಳಿದ್ದೆ:

"ಅಕ್ಕ, ಹೊಟ್ಟೆ ಉಬ್ಬಿದ್ರೆ ಟಬ್ಬಲ್ಲಿ ಒದ್ದೆ ಮಣ್ಣು ಇಡಿ. ಗಂಡು ಇಲ್ದಿದ್ರೂ ಮೊಟ್ಟೆ ಆಗ್ತದೆ ಇದಕ್ಕೆ. ತೋಡಕ್ಕೆ ಜಾಗ ಸಿಗ್ಲಿಲ್ಲ ಅಂದ್ರೆ ಒಳಗೇ ಇಟ್ಕೊಂಬುಡ್ತದೆ."

ಅರ್ಥವಾಗಲಿಲ್ಲವೆಂದು ಹೇಳುವ ಹಾಗಿಲ್ಲ. ಚೆನ್ನಾಗಿಯೇ ಅರ್ಥವಾಗಿತ್ತು.

ಹುಳುಮನೆಯ ಹತ್ತಿರ ಮಣ್ಣು ತರುವುದು ನಮ್ಮಲ್ಲಿಲ್ಲ. ಕಾಲು ತೊಳೆದು, ಸುಣ್ಣದ ಪುಡಿ ತುಳಿದು ಒಳಗೆ ಹೋಗುವವರು ನಾವು. ಮಣ್ಣಿನ ಜೊತೆ ರೋಗ ಬಂದರೆ ಇಡೀ ಬೆಳೆ ಕೊಳೆತುಹೋಗುತ್ತದೆ. ಟಬ್ಬನ್ನು ಮನೆಯ ಹಿತ್ತಲಲ್ಲಿ ಇಡಬಹುದಿತ್ತು. ಇವತ್ತು, ನಾಳೆ ಎಂದುಕೊಂಡು — ಇಡಲಿಲ್ಲ. ನೀನು ಫೋನಿನಲ್ಲಿ ಕೇಳಿದಾಗ ಇಟ್ಟಿದ್ದೇನೆ ಎಂದೆ.

ಪಿಸ್ತಾ ಪಂಜರದ ಮೂಲೆ ಕೆರೆಯತೊಡಗಿತು. ಆಮೇಲೆ ಸೊಪ್ಪು ಮುಟ್ಟಲಿಲ್ಲ. ಆಮೇಲೆ ತಲೆ ಎತ್ತಿ ಅಲುಗದೆ ಕೂತಿತು. ನಸೀಮಾ, ನಾನು ಹುಟ್ಟಿದಾಗಿನಿಂದ ಹುಳು ಸಾಕಿದವಳು. ಮೇವು ಬಿಟ್ಟು, ತಲೆ ಎತ್ತಿ, ಸುಮ್ಮನೆ ಕೂತ ಹುಳು ಎಂದರೆ ಪೊರೆ ಬಿಡುವ ಹುಳು. ಜ್ವರಕ್ಕೆ ಕೂತಿದೆ ಎನ್ನುತ್ತೇವೆ. ಆಗ ಸೊಪ್ಪು ಹಾಕಬಾರದು, ತಟ್ಟೆ ಅಲುಗಿಸಬಾರದು; ಪೊರೆ ಕಳಚಿ ತಾನೇ ಎದ್ದು ಮೇಯುತ್ತದೆ. ಪಿಸ್ತಾ ಪೊರೆ ಬಿಡುವುದನ್ನೂ ನೋಡಿದ್ದೆ. ಹಾಗಾಗಿ ಪಂಜರದ ಮೇಲೆ ಗೋಣಿಚೀಲ ಹೊದಿಸಿ ಬಿಟ್ಟುಬಿಟ್ಟೆ. ನನ್ನ ಗಂಡ ಮಾದೇವ ಎರಡು ಸಲ ಹೇಳಿದರು. "ಯಾಕೋ ಸರಿ ಕಾಣ್ತಿಲ್ಲ ಕಣಮ್ಮಿ, ಗುಂಡ್ಲುಪೇಟೆಗಾದ್ರೂ ತಕ್ಕೊಂಡು ಓಗನ." ನಾನೇ ಬೇಡವೆಂದೆ.

ಕೊನೆಗೆ ಮೈಸೂರಿಗೆ ಒಯ್ದಾಗ ಅದರ ಕಾಲು ನಿಲ್ಲುತ್ತಿರಲಿಲ್ಲ. ಹೊಟ್ಟೆಯ ತುಂಬ ಮೊಟ್ಟೆ ಸಿಕ್ಕಿಕೊಂಡಿದೆ, ಮೊಟ್ಟೆಯ ಜೊತೆ ಅಂಡಾಶಯವನ್ನೂ ತೆಗೆಯದಿದ್ದರೆ ಉಳಿಯುವುದಿಲ್ಲ ಎಂದರು ಡಾಕ್ಟರು. ನೀನು ಒಂದು ಫೋನಿನಷ್ಟು ದೂರದಲ್ಲಿದ್ದೆ. ನಾನು ಫೋನ್ ಮಾಡಲಿಲ್ಲ. ಮಾಡಿದ್ದರೆ ನಿನ್ನ ಮೊದಲ ಪ್ರಶ್ನೆಯೇ ಮಣ್ಣಿನದಾಗುತ್ತಿತ್ತು. ಎರಡನ್ನೂ ತೆಗೆಯಿರಿ ಎಂದು ನಾನೇ ಹೇಳಿಬಿಟ್ಟೆ.

ಅದು ಬದುಕಿತು. ಬದುಕಿದ ಮೇಲೆ ಬೇರೆಯಾಗುತ್ತ ಬಂತು. ಅಂಡಾಶಯ ತೆಗೆದರೆ ಗಂಡಿನ ರೂಪ ಬರಬಹುದೆಂದು ಡಾಕ್ಟರು ಹೇಳಿದ್ದರು, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಸಣ್ಣಗಿದ್ದ ಮುಖದ ಎರಡೂ ಕಡೆ ಕೆನ್ನೆ ತುಂಬಿಕೊಂಡಿತು. ಬೆನ್ನಿನ ಮುಳ್ಳುಗಳು ಉದ್ದವಾಗಿ ಬಾಗಿದವು. ತೊಡೆಯ ಒಳಗಿನ ಚುಕ್ಕಿಗಳು ಉಬ್ಬಿ ರಾಗಿಕಾಳಿನಂತಾದವು. ಕತ್ತು ದಪ್ಪಗಾಯಿತು, ಆ ಪಿಸ್ತಾ ಬಣ್ಣ ಹೋಗಿ ಮುಂಗಾಲುಗಳಲ್ಲಿ ಕಿತ್ತಳೆ ಇಳಿಯಿತು. ದಿನಾ ನೋಡುವ ನನಗೇ ಕೆಲವು ಬೆಳಿಗ್ಗೆ ಗುರುತು ತಪ್ಪುತ್ತಿತ್ತು.

ಒಂದೂವರೆ ವರ್ಷ ಕಳೆದು ನೀನು ಬಂದೆ. ಪಂಜರದ ಮುಂದೆ ಕೂತು ತುಂಬ ಹೊತ್ತು ನೋಡಿದೆ. ಆಮೇಲೆ ನನ್ನ ಕಡೆ ತಿರುಗಿ ಕೇಳಿದೆ.

"ಅಕ್ಕ, ಇದ್ಯಾವ್ದು? ನಮ್ ಪಿಸ್ತಾ ಎಲ್ಲಿ?"

ನಾನು ಯೋಚಿಸಿ ಹೇಳಿದ್ದಲ್ಲ. ಯೋಚಿಸದೆ ಹೇಳಿದ್ದೂ ಅಲ್ಲ —

"ಅದು ಓಗ್ಬುಡ್ತು ಕಣಮ್ಮಿ. ನಿಂಗೆ ಎಂಗೇಳದು ಅಂತ ಸುಮ್ನಿದ್ದೆ. ಇದು ಬೇರೆದು, ಗಂಡು."

ಕಾಯಿಲೆಯಿಂದ ಸತ್ತಿತೆಂದರೆ ದೇವರ ಮೇಲೆ ಹಾಕಬಹುದು. ಹೊಟ್ಟೆ ಕೊಯ್ಯಿಸಿದೆ ಎಂದರೆ ನನ್ನ ಮೇಲೆ ಬರುತ್ತದೆ. ಅಷ್ಟೇ ಲೆಕ್ಕ. ನೀನು ಎತ್ತಿಕೊಂಡು ಹೊಟ್ಟೆ ನೋಡಿದ್ದರೆ ಹೊಲಿಗೆಯ ಗೆರೆ ಕಾಣುತ್ತಿತ್ತು, ಆದರೆ ನೀನು ಅದನ್ನು ಮುಟ್ಟಲಿಲ್ಲ. ನಿನ್ನ ದನಿಗೆ ಅದು ಮುಚ್ಚಿದ್ದ ಕಣ್ಣು ತೆರೆದು ಸರಳಿನ ಹತ್ತಿರ ಬಂತು. ನೀನು ಎದ್ದುಬಿಟ್ಟಿದ್ದೆ. ನಾನು ನೋಡಿದೆ.

ಎಲ್ಲಿ ಹೂತಿದ್ದೀರಿ ಎಂದು ನೀನು ಕೇಳಿದೆ. ನಾನು ಸೊಪ್ಪಿನ ತೋಟದ ಕೊನೆಯ ಬದು ತೋರಿಸಿದೆ. ಅಲ್ಲಿ ನಿಂತು, "ಇಮ್ರಾನ್‌ದು ಅಂತ ಇನ್ನೇನೂ ಇಲ್ಲ ಅಕ್ಕ" ಎಂದು ನೀನು ಅಳುವಾಗ ನಿನ್ನ ಬೆನ್ನು ಸವರಿದ್ದು ಇದೇ ಕೈ. ಆಗಲೂ ನನಗೆ ಏನೂ ಅನಿಸಲಿಲ್ಲ. ಒಳಗೆ ಏನೋ ಮರಗಟ್ಟಿ ಹೋಗಿತ್ತು, ಈಗಲೂ ಹಾಗೇ ಇದೆ. ಅಂದಿನಿಂದ ಬಂದಾಗಲೆಲ್ಲ ಆ ಬದುವಿನಲ್ಲಿ ಕೂತು ಹುಲ್ಲು ಕೀಳುತ್ತೀಯ. ಅಡುಗೆಮನೆಯ ಕಿಟಕಿಯಿಂದ ಕಾಣುತ್ತದೆ. ಆ ಮಣ್ಣಿನಡಿ ಏನೂ ಇಲ್ಲ, ನಸೀಮಾ.

ಮೊನ್ನೆ ನೀನು ಮಗಳನ್ನು ಕರೆದುಕೊಂಡು ಬಂದಿದ್ದೆ. ಪಂಜರದ ಮುಂದೆ ನಿಂತು ಮಗು ಕೇಳಿತು, "ಅಮ್ಮೀ, ಇದು ಮಾಮೂದಾ?" ಅಲ್ಲ, ಮಾಮೂದು ಸತ್ತುಹೋಯಿತು, ಇದು ದೊಡ್ಡಮ್ಮನದು ಎಂದೆ ನೀನು. ಮಗು ಹಟ ಹಿಡಿಯಿತೆಂದು ನೀನು ಮೊದಲ ಸಲ ಸರಳಿನೊಳಗೆ ಬೆರಳು ಹಾಕಿ ಅದರ ತಲೆ ಸವರಿದೆ. ಅದು ಕಣ್ಣು ಮುಚ್ಚಿ ನಿನ್ನ ಬೆರಳಿಗೆ ಗದ್ದ ಊರಿತು.

"ಪಾಪ, ಇದೂ ಒಳ್ಳೇದೇ. ನಾನೇ ಇಷ್ಟು ವರ್ಷ ಇದನ್ನ ದೂರ ಇಟ್ಬುಟ್ಟೆ. ಅಲ್ವಾ ಅಕ್ಕ?"

ನಾನು ಹೂಂ ಎಂದೆ.

ಅವತ್ತು ಸುಳ್ಳು ಹೇಳಿದ್ದಕ್ಕಿಂತ ಈ ಹೂಂ ದೊಡ್ಡದು. ಅವತ್ತು ಹೆದರಿದ್ದೆ; ಮೊನ್ನೆ ಹೆದರಿಕೆಯೂ ಇರಲಿಲ್ಲ. ನೀನು ಮಾಡದ ತಪ್ಪನ್ನು ನೀನು ಒಪ್ಪಿಕೊಳ್ಳುತ್ತಿದ್ದೆ, ನಾನು ಒಪ್ಪಿಕೊಳ್ಳಲು ಬಿಟ್ಟೆ.

ಈಗ ಅದಕ್ಕೆ ವಯಸ್ಸಾಗಿದೆ. ಇನ್ನೆಷ್ಟು ದಿನವೋ. ಭಾನುವಾರ ಬೆಳಿಗ್ಗೆ ಬಸ್ಸಿಗೆ ಅದನ್ನು ನಿನ್ನ ಮನೆಗೆ ತರುತ್ತೇನೆ. ಈ ಕಾಗದವನ್ನು ಮೊದಲು ಓದು, ಆಮೇಲೆ ಬಾಗಿಲು ತೆಗೆ. ನನ್ನನ್ನು ಒಳಗೆ ಕರೆಯಬೇಡ. ಅದನ್ನು ಎತ್ತಿಕೊಂಡು ಹೆಸರು ಹಿಡಿದು ಕೂಗು, ಸಾಕು.