ಕನ್ನಡಿಯ ಮೇಲಿನ ಹೆಬ್ಬೆರಳು

ಪಕ್ಕದ ಕೋಣೆಯಲ್ಲಿ ಬಣ್ಣದವರು ಗೋಡೆ ಕೆರೆಯುವ ಸದ್ದು ಬೆಳಗಿನಿಂದ ನಿಂತಿರಲಿಲ್ಲ. ನಾಳೆ ಅವರು ಗಡಿಯಾರ ರಿಪೇರಿಯವನ ಕೋಣೆಗೆ ಬರುತ್ತಾರೆ. ಗೋಡೆಗೆ ಅಂಟಿಸಿದ ಕನ್ನಡಿಯನ್ನು ಒಡೆದೇ ತೆಗೆಯಬೇಕಂತೆ. ಆ ಕನ್ನಡಿಯ ಮೂಲೆಯಲ್ಲಿ, ಹೋದ ವರ್ಷ ತೀರಿಕೊಂಡ ಅಕ್ಕನ ಹೆಬ್ಬೆರಳಿನ ಗುರುತಿದೆ. ಪೌಡರ್ ಮೆತ್ತಿದ ಬೆರಳು ತಾಗಿ ಆದದ್ದು. ಅಂದಿನಿಂದ ಅವನು ಕನ್ನಡಿ ಒರೆಸಿಲ್ಲ. ಕೆಲವು ಸಂಜೆ ಆ ಗುರುತು ಕನ್ನಡಿಯ ಒಳಗಿನಿಂದ ಈಗಷ್ಟೇ ಒತ್ತಿದಂತೆ ಕಾಣುತ್ತದೆ.

ಒಡೆಯುವ ಮೊದಲು ಅದರ ಫೋಟೋ ತೆಗೆದಿಟ್ಟುಕೊಳ್ಳಬೇಕು. ಕ್ಯಾಮೆರಾ ಅವನಲ್ಲಿತ್ತು, ಆದರೆ ಅಷ್ಟು ಸಣ್ಣದನ್ನು ಗೆರೆಗೆರೆಯಾಗಿ ಹಿಡಿಯುವ ಮ್ಯಾಕ್ರೋ ಲೆನ್ಸ್ ಇರಲಿಲ್ಲ. ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಅಂಗಡಿಯವನು ಎರಡು ಲೆನ್ಸ್ ಮುಂದಿಟ್ಟ.

“ಇದು ತೀರಾ ಅಗ್ಗ ಅಣ್ಣಾ. ಆದ್ರೆ ಮೂಗು ತಾಗೋಷ್ಟು ಹತ್ತಿರ ಹೋಗ್ಬೇಕು.”

“ಬೇಡ. ಉಸಿರು ತಾಗಿದ್ರೂ ಅಳಿಸಿಹೋಗುತ್ತೆ.”

“ಹಾಗಾದ್ರೆ ಈ ಹಳೇ ನೂರು ಎಂಎಂ. ಗೇಣು ದೂರ ನಿಂತ್ರೂ ಸಾಕು. ಫೋಕಸ್ ಮಾತ್ರ ಕೈಯಲ್ಲೇ ತಿರುಗಿಸ್ಬೇಕು, ಅದಕ್ಕೇ ಬೆಲೆ ಕಮ್ಮಿ.”

“ನನ್ನ ಕೈಗೆ ದಿನಾ ಅದೇ ಕೆಲಸ. ಕೊಡಿ.”

ಅಂಗಡಿಯವನು ಲೆನ್ಸ್ ಒರೆಸುತ್ತಾ ನಕ್ಕ. “ಅಷ್ಟು ಜೋಪಾನವಾಗಿ ಏನು ತೆಗೀತೀರಿ? ಚಿಟ್ಟೆನಾ?”

“ಅಕ್ಕನ್ನ.”

“ಅಯ್ಯೋ, ಅದಕ್ಕೆ ಇದ್ಯಾಕಣ್ಣಾ? ಮುಖಕ್ಕೆ ಮಾಮೂಲಿ ಲೆನ್ಸೇ ಸಾಕು. ಅವರನ್ನ ಇಲ್ಲಿಗೇ ಕರ್ಕೊಂಡು ಬನ್ನಿ, ನಾನೇ ಚೆನ್ನಾಗಿ—”

ಅವನು ಹಣವಿಟ್ಟು, ಲೆನ್ಸನ್ನು ಎದೆಗವಚಿಕೊಂಡು ಆಗಲೇ ಮೆಟ್ಟಿಲಿಳಿದು ಹೊರಟಿದ್ದ.